508 ವೋಲ್ಟ್‌ನ ಲೆಕ್ಕ

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು (ಕಬ್ಬಿಣದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರಗಳು) ದಾವಣಗೆರೆ ಸೀಮೆಯ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಇಂದಿಗೂ ದುಡಿಯುತ್ತಿವೆ. ಅಂಥದೊಂದು ಲೇತ್‌ಗೆ, ವೇಗವನ್ನು ಬೇಕಾದಂತೆ ಹೊಂದಿಸಿಕೊಳ್ಳಲೆಂದು, ಮಾಲೀಕರು ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್ ಕೂರಿಸಿದ್ದರು. ಮೂರು ಎಚ್‌ಪಿ ಮೋಟಾರು ಖಾಲಿ ತಿರುಗುವಾಗ ಯಾವ ತಕರಾರೂ ಇರಲಿಲ್ಲ. ಉಳಿ ಕಬ್ಬಿಣಕ್ಕೆ ತಾಗಿ ತೊಗಟೆ ಏಳತೊಡಗಿದ ಕೂಡಲೇ ಡ್ರೈವ್ ಟ್ರಿಪ್ ಆಗಿ, ಡಿಸ್‌ಪ್ಲೇಯಲ್ಲಿ ಅಂಡರ್‌ವೋಲ್ಟೇಜ್ ಎಂಬ ಸಂಕೇತ ಮೂಡುತ್ತಿತ್ತು. "ಲೈನ್‌ನಾಗ ವೋಲ್ಟೇಜ್ ಕಮ್ಮಿ ಬರ್ತೈತಿ, ನೋಡ್ರಿ ಸರ್" ಎಂಬುದು ಮಾಲೀಕರ ತೀರ್ಮಾನವಾಗಿತ್ತು. ಸಂಕೇತವನ್ನು ಓದಿದ ಯಾರಿಗಾದರೂ ಹಾಗೆಯೇ ಅನಿಸುವುದು ಸಹಜ. ಆದರೆ ಡ್ರೈವ್ ದೂರುತ್ತಿದ್ದುದು ಬೀದಿಯ ಕಂಬದ ವೋಲ್ಟೇಜನ್ನಲ್ಲ, ತನ್ನ ಹೊಟ್ಟೆಯೊಳಗಿನ ವೋಲ್ಟೇಜನ್ನು.

ಇಂಡಕ್ಷನ್ ಮೋಟಾರಿನ ವೇಗ ಅದಕ್ಕೆ ಸಿಗುವ ವಿದ್ಯುತ್ತಿನ ಆವರ್ತನಕ್ಕೆ ಕಟ್ಟುಬಿದ್ದಿರುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ 50 ಹರ್ಟ್ಸ್ ವಿದ್ಯುತ್ತು ಹುಟ್ಟಿಸುವ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದನ್ನು ಬೆನ್ನಟ್ಟುವ ರೋಟರ್ ತುಸು ಹಿಂದುಳಿದು, ಪೂರ್ಣ ಭಾರದಲ್ಲಿ ಸುಮಾರು 1440 ಸುತ್ತು ತಿರುಗುತ್ತದೆ. ವೇಗ ಬದಲಾಗಬೇಕಾದರೆ ಆವರ್ತನ ಬದಲಾಗಬೇಕು. ಅದಕ್ಕಾಗಿ ಡ್ರೈವ್ ಮೊದಲು ಆರು ಡಯೋಡ್‌ಗಳ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳ) ರೆಕ್ಟಿಫೈಯರ್ ಮೂಲಕ ಎಸಿಯನ್ನು ಡಿಸಿ ಮಾಡಿ, ಕೆಪಾಸಿಟರ್‌ಗಳಲ್ಲಿ ತುಂಬಿಟ್ಟುಕೊಂಡು, ಆ ಡಿಸಿಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಕತ್ತರಿಸಿ ನಮಗೆ ಬೇಕಾದ ಆವರ್ತನದ ಎಸಿಯನ್ನು ಹೊಸದಾಗಿ ಹೆಣೆಯುತ್ತದೆ. ನಡುವಿನ ಈ ಡಿಸಿ ದಾಸ್ತಾನಿಗೆ ಡಿಸಿ ಬಸ್ ಎನ್ನುತ್ತಾರೆ. ಅಂಡರ್‌ವೋಲ್ಟೇಜ್ ಸಂಕೇತ ಹೇಳುವುದು ಇದರ ಕಥೆಯನ್ನು.

ರಿಪೇರಿಗೆ ಹೋದ ನಾನು, ಉಳಿ ತಾಗಿದ್ದಾಗಲೇ ಲೈನಿನ ಮೂರೂ ಫೇಸ್‌ಗಳ ನಡುವೆ ವೋಲ್ಟೇಜ್ ಅಳೆದೆ. ಎಲ್ಲ ಜೋಡಿಗಳಲ್ಲೂ 415 ವೋಲ್ಟಿನ ಆಸುಪಾಸಿನಲ್ಲೇ, ಅಂದರೆ ಇರಬೇಕಾದಷ್ಟೇ ಇತ್ತು. ಹೆಚ್ಚಿನ ಡ್ರೈವ್‌ಗಳು ಬಸ್ಸಿನ ವೋಲ್ಟೇಜನ್ನು ತಮ್ಮ ಡಿಸ್‌ಪ್ಲೇಯಲ್ಲೇ ತೋರಿಸುವುದರಿಂದ, ಅದನ್ನು ನೋಡಲು ಮೀಟರಿನ ಕಡ್ಡಿ ಹಿಡಿದು ಜೀವಂತ ಟರ್ಮಿನಲ್‌ಗಳ ನಡುವೆ ಕೈಯಾಡಿಸಬೇಕಾದ ಅಗತ್ಯವಿರಲಿಲ್ಲ. ಖಾಲಿ ತಿರುಗುವಾಗ ಅಲ್ಲಿ 585 ಇತ್ತು. ಉಳಿ ತಾಗಿದಾಗ ಅದು ಜಾರಿ ಜಾರಿ 400ರ ಕೆಳಗಿಳಿದು ಟ್ರಿಪ್ ಆಯಿತು.

ಇಲ್ಲಿ ಸ್ಕ್ರೂಡ್ರೈವರ್‌ಗಿಂತ ಮೊದಲು ಪೆನ್ಸಿಲ್ ಕೈಗೆತ್ತಿಕೊಳ್ಳುವುದು ಲಾಭ. ಮೂರು ಫೇಸ್‌ನ 415 ವೋಲ್ಟನ್ನು ಡಿಸಿ ಮಾಡಿದರೆ ಅಲೆಯ ತುದಿ 587 ವೋಲ್ಟ್. ಒಂದು ಫೇಸಿನ ಅಲೆ ಇಳಿಯುವಷ್ಟರಲ್ಲಿ ಮತ್ತೊಂದು ಏರಿ ಬಂದು ಭಾರ ಹೊರುವುದರಿಂದ, ಕೆಪಾಸಿಟರ್ ಒಂದೂ ಇಲ್ಲದಿದ್ದರೂ ಆ ಡಿಸಿ 508ಕ್ಕಿಂತ ಕೆಳಗೆ ಇಳಿಯಲಾರದು. ಅದರ ಸರಾಸರಿಯೇ 560 ಇರುತ್ತದೆ. ಅಂದರೆ ಕೆಪಾಸಿಟರ್‌ಗಳು ಒಣಗಿಹೋಗಿವೆ ಎಂಬ ಜನಪ್ರಿಯ ಅನುಮಾನ ಈ ಪ್ರಕರಣದಲ್ಲಿ ಲೆಕ್ಕದ ಮುಂದೆಯೇ ಬಿದ್ದುಹೋಯಿತು. (ತಗಡಿನ ಶೆಡ್ಡಿನ ಏಪ್ರಿಲ್ ಧಗೆಯಲ್ಲಿ ಅವು ಬೇಗ ಸೊರಗುವುದಂತೂ ನಿಜ, ಹತ್ತು ಡಿಗ್ರಿ ಬಿಸಿ ಏರಿದಂತೆಲ್ಲ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಈ ವೃತ್ತಿಯವರ ರೂಢಿಯ ಲೆಕ್ಕ.) ಉಳಿದ ಸಾಧ್ಯತೆಗಳು ಎರಡೇ: ರೆಕ್ಟಿಫೈಯರಿನ ಡಯೋಡ್ ಕಡಿದಿರಬೇಕು, ಇಲ್ಲವೇ ರೆಕ್ಟಿಫೈಯರಿಗೂ ಕೆಪಾಸಿಟರಿಗೂ ನಡುವಿನ ದಾರಿಯಲ್ಲಿ ಏನೋ ಅಡ್ಡ ಕೂತಿರಬೇಕು.

ಮುಖ್ಯ ಸ್ವಿಚ್ ಇಳಿಸಿ, ಹತ್ತು ನಿಮಿಷ ಕಾದು, ಬಸ್ಸಿನ ಟರ್ಮಿನಲ್‌ಗಳಲ್ಲಿ ವೋಲ್ಟೇಜ್ ಉಳಿದಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಮುಚ್ಚಳ ತೆಗೆದೆ. ಈ ಕಾಯುವಿಕೆಯಲ್ಲಿ ಜಿಪುಣತನ ಸಲ್ಲದು; ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಶಕ್ತಿ ಉಳಿದಿರುತ್ತದೆ. ಡಯೋಡ್ ಪರೀಕ್ಷೆಯಲ್ಲಿ ಆರೂ ಡಯೋಡ್‌ಗಳು ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟ್ ಆಸುಪಾಸು ತೋರಿಸಿ, ಇನ್ನೊಂದು ದಿಕ್ಕಿನಲ್ಲಿ ತಡೆದವು. ಇನ್ನುಳಿದದ್ದು ಆ ನಡುವಿನ ದಾರಿ.

ಖಾಲಿ ಕೆಪಾಸಿಟರಿಗೆ ವಿದ್ಯುತ್ತನ್ನು ಒಮ್ಮೆಲೇ ಬಿಟ್ಟರೆ, ಭದ್ರಾ ನಾಲೆಯ ತೂಬನ್ನು ಪೂರ್ತಿ ಎತ್ತಿದಾಗ ಗದ್ದೆಯ ಬದು ಕೊಚ್ಚಿಹೋಗುವಂತೆ, ಮೊದಲ ನುಗ್ಗಿಗೇ ಡಯೋಡ್‌ಗಳು ಸುಟ್ಟುಹೋದಾವು. ಆದ್ದರಿಂದ ಆರಂಭದಲ್ಲಿ ಹರಿವನ್ನು ತಡೆದು ಬಿಡುವ ಒಂದು ರೆಸಿಸ್ಟರ್ ಮೂಲಕ ನಿಧಾನವಾಗಿ ತುಂಬಿಸಿ, ತುಂಬಿದ ಮೇಲೆ ರಿಲೇಯೊಂದು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಆ ರೆಸಿಸ್ಟರನ್ನು ಬದಿಗಿಟ್ಟು ನೇರ ದಾರಿ ತೆರೆಯುತ್ತದೆ. ಸ್ವಿಚ್ ಹಾಕಿದ ಕ್ಷಣಾರ್ಧದ ನಂತರ ಡ್ರೈವಿನೊಳಗಿಂದ ಕೇಳುವ 'ಟಕ್' ಸದ್ದು ಅದರದೇ. ನಮ್ಮ ಡ್ರೈವಿನಲ್ಲೂ ಆ ಸದ್ದು ಸ್ಪಷ್ಟವಾಗಿ ಕೇಳುತ್ತಿದ್ದುದರಿಂದ ರಿಲೇ ಸರಿಯಿದೆಯೆಂದು ನಂಬಿ, ಅರ್ಧ ದಿನ ಬೇರೆಲ್ಲ ತಡಕಾಡಿದ್ದು ನನ್ನ ದಡ್ಡತನ. ಸದ್ದು ಮಾಡುವುದು ರಿಲೇಯ ಕಾಯಿಲ್ ಎಳೆಯುವ ಪಟ್ಟಿ. ವಿದ್ಯುತ್ ಸಾಗಿಸಬೇಕಾದ ಕಾಂಟ್ಯಾಕ್ಟ್ ಕರಿಕಟ್ಟಿದ್ದರೂ ಪಟ್ಟಿ ಟಕ್ ಎನ್ನುತ್ತಲೇ ಇರುತ್ತದೆ. ಕಡೆಗೆ ಸುಳಿವು ಕೊಟ್ಟದ್ದು ರೆಸಿಸ್ಟರಿನ ಸುತ್ತ ಬೋರ್ಡಿನ ಮೇಲಿದ್ದ ಕಂದು ಕಲೆ. ರಿಲೇಯನ್ನು ಬಿಚ್ಚಿ, ಕಾಯಿಲ್‌ಗೆ ಬೇರೆಯಾಗಿ 24 ವೋಲ್ಟ್ ಕೊಟ್ಟು ಅಳೆದಾಗ, ಅದು ಟಕ್ ಎಂದಿತು, ಕಾಂಟ್ಯಾಕ್ಟ್ ಮಾತ್ರ ಕೂಡಲಿಲ್ಲ.

ಲೆಕ್ಕವೂ ಹೊಂದಿಕೊಂಡಿತು. ರೆಸಿಸ್ಟರ್ 47 ಓಮಿನದು. ಖಾಲಿ ತಿರುಗುವಾಗ ಅದರ ಮೂಲಕ ಸಾಗುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಬಸ್ಸು ತುಂಬಿಯೇ ಕಾಣುತ್ತದೆ. ಉಳಿ ತಾಗಿ ನಾಲ್ಕು ಆಂಪಿಯರ್ ಹರಿದರೆ 188 ವೋಲ್ಟ್ ಅಲ್ಲಿಯೇ ಕಳೆದುಹೋಗಿ, 585ರಲ್ಲಿ ಉಳಿಯುವುದು 397. ಆ ಹೊತ್ತಿನಲ್ಲಿ ಹೆಬ್ಬೆರಳಿನಷ್ಟಿರುವ ಆ ರೆಸಿಸ್ಟರ್ ಮುಕ್ಕಾಲು ಕಿಲೋವ್ಯಾಟಿನ ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತಿತ್ತು. ಡ್ರೈವ್ ಬೇಗ ಟ್ರಿಪ್ ಆಗುತ್ತಿದ್ದುದರಿಂದಲೇ ಅದು ಉಳಿದುಕೊಂಡಿತ್ತು.

ಹೊಸ ರಿಲೇ ಹಾಕಿ ಕೆಲಸ ಮುಗಿಸಬಹುದಿತ್ತು, ಆದರೆ ಹಳೆಯದು ಏಕೆ ಕರಿಕಟ್ಟಿತೆಂಬುದು ಉಳಿದಿತ್ತು. ಲೇತ್ ನಡೆಸುವ ಹುಡುಗ ಪ್ರತಿ ಬಾರಿ ಲೇತಿನ ಚಕ್‌ಗೆ (ತುಂಡನ್ನು ಕಚ್ಚಿ ಹಿಡಿಯುವ ಭಾಗಕ್ಕೆ) ಹೊಸ ತುಂಡು ಕಟ್ಟುವಾಗಲೂ ಡ್ರೈವಿನ ಸ್ಟಾಪ್ ಗುಂಡಿ ಒತ್ತದೆ, ಗೋಡೆಯ ಮುಖ್ಯ ಸ್ವಿಚ್ಚನ್ನೇ ಇಳಿಸಿ ಏರಿಸುತ್ತಿದ್ದ. ಅವನ ಕೈಗೆ ಹತ್ತಿರವಿದ್ದದ್ದು ಅದೇ. ಹೀಗೆ ದಿನಕ್ಕೆ ಹತ್ತಾರು ಸಲ ಕೆಪಾಸಿಟರ್ ಖಾಲಿಯಾಗಿ ತುಂಬುತ್ತಿತ್ತು, ಹತ್ತಾರು ಸಲ ರಿಲೇ ಬಡಿದುಕೊಳ್ಳುತ್ತಿತ್ತು. ಡ್ರೈವಿನ ಕಂಟ್ರೋಲ್ ಟರ್ಮಿನಲ್‌ನಿಂದ ಸಣ್ಣ ವೋಲ್ಟೇಜಿನ ವೈರು ಎಳೆದು, ಲೇತಿನ ಮುಂಭಾಗದಲ್ಲಿಯೇ ಹಸಿರು, ಕೆಂಪು ಗುಂಡಿಗಳನ್ನು ಕೂರಿಸಿದೆವು. ಈಗ ಗೋಡೆಯ ಸ್ವಿಚ್ ಬೆಳಿಗ್ಗೆ ಒಮ್ಮೆ ಏರುತ್ತದೆ, ಸಂಜೆ ಒಮ್ಮೆ ಇಳಿಯುತ್ತದೆ.