ಬೇರೆಯವರ ಮನೆ ಪ್ಲಾನ್ ತಿದ್ದಿ ಕಟ್ಟೋದು: ಕಾಪಿರೈಟ್ ಎಲ್ಲಿ ಅಡ್ಡ ಬರುತ್ತದೆ?

ಈ ಪಾಠದಲ್ಲಿ ನಾನು ಮೊದಲೇ ಎಡವಿದ್ದು ಒಂದು ಸಣ್ಣ ಪ್ರಶ್ನೆಗೆ. ಪ್ಲಾನ್‌ಗೆ ದುಡ್ಡು ಕೊಟ್ಟಾಗಿದೆ, ಹಾಳೆ ಕೈಯಲ್ಲಿದೆ, ಅಂದಮೇಲೆ ಅದು ನನ್ನದೇ ಅಲ್ವಾ? ಹಾಳೆ ನನ್ನದು, ಸರಿ. ಆದರೆ ಅದರ ಮೇಲಿನ ವಿನ್ಯಾಸದ ಕಾಪಿರೈಟ್ ಸಾಮಾನ್ಯವಾಗಿ ಅದನ್ನು ಬರೆದ ಆರ್ಕಿಟೆಕ್ಟ್ ಹತ್ತಿರವೇ ಉಳಿಯುತ್ತದೆ. ಭಾರತದ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ನೋಡಿ. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬರೆಸಿದ ಭಾವಚಿತ್ರ ಇಂಥವುಗಳ ಹಕ್ಕು ಮಾಡಿಸಿದವರಿಗೆ ಸೇರುತ್ತದೆ ಅಂತ ಅಲ್ಲಿದೆ. ಆ ಪಟ್ಟಿಯಲ್ಲಿ ಕಟ್ಟಡದ ನಕ್ಷೆ ಇಲ್ಲ. ಹಕ್ಕನ್ನು ಬರಹದಲ್ಲಿ ವರ್ಗಾಯಿಸಿದರೆ ಮಾತ್ರ ಅದು ನಿಮಗೆ ಬರುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಸಿಗುವುದು ಒಂದು ಮನೆ ಕಟ್ಟಿಕೊಳ್ಳುವ ಅನುಮತಿ, ಅಷ್ಟೇ. ತಮ್ಮನ ಸೈಟಿನಲ್ಲೂ ಅದನ್ನೇ ಕಟ್ಟುತ್ತೇವೆ ಅಂದರೆ ಮತ್ತೆ ಕೇಳಬೇಕು.

ಇನ್ನು ಎಲ್ಲರ ಬಾಯಲ್ಲೂ ಇರುವ ಆ ಮಾತು: "ಶೇಕಡಾ 20 ಬದಲಾಯಿಸಿದರೆ ಸಾಕು, ಏನೂ ಆಗಲ್ಲ." ಇಂಥ ಲೆಕ್ಕ ಕಾಯ್ದೆಯಲ್ಲಿಲ್ಲ. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಹೋಗುತ್ತದೆ, ಮನೆ ಕಟ್ಟುವಾಗ ನಂಬಿದರೆ ದುಡ್ಡು ಹೋಗುತ್ತದೆ.

ಒಂದು ಪ್ಲಾನ್ ಊಹಿಸಿಕೊಳ್ಳಿ. ಹಾಲ್ ನಡುವೆ ಇದೆ, ಅದರ ಒಂದು ಮೂಲೆ ಕತ್ತರಿಸಿ ಓರೆ ಗೋಡೆ ಹಾಕಿದ್ದಾರೆ, ಆ ಗೋಡೆಗೆ ಅಂಟಿಕೊಂಡೇ ಮೆಟ್ಟಿಲು ಹತ್ತುತ್ತದೆ, ಮೆಟ್ಟಿಲ ಕೆಳಗೆ ಸ್ಟೋರ್ ರೂಮು. ನೀವು ಕ್ಯಾಡ್‌ನಲ್ಲಿ (ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್) ಇದನ್ನು ಮಿರರ್ ಮಾಡಿದಿರಿ, ಹಾಲ್ ಎರಡು ಅಡಿ ಉದ್ದ ಮಾಡಿದಿರಿ, ಒಂದು ಬಾತ್‌ರೂಮ್ ಸೇರಿಸಿದಿರಿ. ಓರೆ ಗೋಡೆ, ಮೆಟ್ಟಿಲು, ಸ್ಟೋರ್ ರೂಮು ಮೂರೂ ಹಾಗೇ ಕೂತಿವೆ. ಎಡ ಬಲ ಅದಲುಬದಲಾದ ಮಾತ್ರಕ್ಕೆ ಹೊಸ ಪ್ಲಾನ್ ಆಗಲಿಲ್ಲ. ಇನ್ನೂ ಮಜಾ ಏನು ಗೊತ್ತಾ? ಮೂಲ ಪ್ಲಾನಿನಲ್ಲಿ ಬೆಡ್‌ರೂಮಿನ ಕಿಟಕಿ ತುಂಬಾ ಎತ್ತರದಲ್ಲಿತ್ತು ಅನ್ನಿ, ಯಾಕಂದ್ರೆ ಆ ಸೈಟಿನ ಪಕ್ಕದಲ್ಲೇ ಇನ್ನೊಂದು ಮನೆಯ ಗೋಡೆ. ನಿಮ್ಮ ಸೈಟಿನ ಪಕ್ಕ ಖಾಲಿ ಬಯಲು, ಆದರೂ ಕಿಟಕಿ ಅಷ್ಟೇ ಎತ್ತರದಲ್ಲಿದೆ! ನಕಲು ಹೀಗೇ ಸಿಕ್ಕಿಬೀಳುವುದು. ಅಳತೆಯ ತಪ್ಪು, ಕಾಗುಣಿತದ ತಪ್ಪು ಎರಡೂ ಹಾಳೆಯಲ್ಲಿ ಒಂದೇ ಥರ ಇದ್ದರಂತೂ ವಾದ ಮಾಡೋಕೆ ಜಾಸ್ತಿ ಏನೂ ಉಳಿಯುವುದಿಲ್ಲ.

ಹಾಗಂತ ಎಲ್ಲದಕ್ಕೂ ಹೆದರಬೇಕಿಲ್ಲ. ಅಡುಗೆಮನೆ ಪಕ್ಕ ಊಟದ ಜಾಗ ಬೇಕು, ಮಕ್ಕಳ ರೂಮು ನಮ್ಮ ರೂಮಿನ ಹತ್ತಿರ ಇರಲಿ, ಇವೆಲ್ಲ ಬರೀ ಐಡಿಯಾ, ಯಾರ ಸ್ವತ್ತೂ ಅಲ್ಲ. ಅಮೆರಿಕದಲ್ಲಿ 1990ರ ಡಿಸೆಂಬರ್ 1ರಿಂದ ಕಟ್ಟಡದ ವಿನ್ಯಾಸಕ್ಕೂ ರಕ್ಷಣೆ ಇದೆ (ಅದಕ್ಕೂ ಮುಂಚೆ ನಕ್ಷೆಗೆ ಮಾತ್ರ ಇತ್ತು), ಆದರೆ ಅದು ಒಟ್ಟು ರೂಪ ಮತ್ತು ಜಾಗಗಳ ಜೋಡಣೆಗೆ, ಬಾಗಿಲು ಕಿಟಕಿಯಂಥ ಮಾಮೂಲಿ ಅಂಶಗಳಿಗೆ ಅಲ್ಲ. ಅಲ್ಲಿ 2008ರಲ್ಲಿ ಒಂದು ಮೇಲ್ಮನವಿ ಕೋರ್ಟಿಗೆ ಎರಡು ಪ್ಲಾನ್ ಬಂದವು: 'ವೆಸ್ಟ್‌ಮಿನ್‌ಸ್ಟರ್' ಮತ್ತು 'ಕೆನ್ಸಿಂಗ್ಟನ್'. ಎರಡರಲ್ಲೂ ನಾಲ್ಕು ಬೆಡ್‌ರೂಮು, ಎರಡು ಕಾರಿನ ಗ್ಯಾರೇಜು, ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಥರ. ಕೋರ್ಟು ರೂಮು ರೂಮಾಗಿ ಹೋಲಿಸಿ, ಜೋಡಣೆಯಲ್ಲಿ ಸಾಕಷ್ಟು ವ್ಯತ್ಯಾಸ ಇದೆ, ನಕಲಲ್ಲ ಅಂದಿತು. ನನಗೆ ಈ ತೀರ್ಪು ಸರಿ ಅನಿಸುತ್ತದೆ, ಇಲ್ಲದಿದ್ದರೆ ಮಾಮೂಲಿ ಮನೆಯನ್ನು ಯಾರೂ ಬರೆಯೋಕೇ ಆಗುತ್ತಿರಲಿಲ್ಲ. ಆದರೆ ಬೇರೆಯವರ ಪ್ಲಾನ್ ಫೈಲನ್ನೇ ತೆರೆದು ತಿದ್ದಿದವರಿಗೆ ಇದು ರಕ್ಷಾಕವಚ ಅಲ್ಲ. ಭಾರತದ ಕಾಯ್ದೆಯ 13(5)ನೇ ಸೆಕ್ಷನ್ ಕೂಡ ರಕ್ಷಣೆಯನ್ನು ಕಲಾತ್ಮಕ ಗುಣಕ್ಕೆ ಮತ್ತು ವಿನ್ಯಾಸಕ್ಕೆ ಸೀಮಿತ ಮಾಡುತ್ತದೆ, ಕಟ್ಟುವ ವಿಧಾನ ಅದರ ಹೊರಗೆ.

ಪ್ಲಾನ್ ಮುಟ್ಟದೆ, ಸುಮ್ನೆ ಒಂದು ಮನೆ ನೋಡಿ ಅಳತೆ ತೆಗೆದು ಅದೇ ಥರ ಕಟ್ಟಿದರೆ? ಅದೂ ನಕಲಾಗಬಹುದು. ರಸ್ತೆಯಿಂದ ಫೋಟೋ ತೆಗೆಯುವುದು ಬೇರೆ, ಫೋಟೋ ನೋಡಿ ಮನೆಯನ್ನೇ ಎಬ್ಬಿಸುವುದು ಬೇರೆ. ಬೇರೆ ದೇಶದ ಪ್ಲಾನ್ ಡೌನ್‌ಲೋಡ್ ಮಾಡಿದರೂ ಪಾರಾಗುವುದಿಲ್ಲ, ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದದ ಪಟ್ಟಿಯಲ್ಲಿ ವಾಸ್ತುಶಿಲ್ಪವೂ ಅದರ ನಕ್ಷೆಗಳೂ ಇವೆ, ನೋಂದಣಿ ಮಾಡಿಸಿರಬೇಕು ಅಂತಲೂ ಇಲ್ಲ.

ನಮ್ಮ ಕಾಪಿರೈಟ್ ಕಾಯ್ದೆಯ 59ನೇ ಸೆಕ್ಷನ್ ಓದಿ ನಗು ಬಂತು. ನಕಲು ಮಾಡಿದ ಮನೆಯ ಕೆಲಸ ಒಮ್ಮೆ ಶುರುವಾದರೆ ಭಾರತದಲ್ಲಿ ಕಾಪಿರೈಟ್ ಹೆಸರಲ್ಲಿ ಅದನ್ನು ನಿಲ್ಲಿಸೋಕೂ ಆಗಲ್ಲ, ಕೆಡವಿಸೋಕೂ ಆಗಲ್ಲ. ಬೇಗ ಪಾಯ ತೋಡಿಬಿಡೋಣ ಅಂತ ಹೊರಡಬೇಡಿ, ಪರಿಹಾರದ ಹಣ ಕೇಳುವ ಹಕ್ಕು ಹಾಗೇ ಇರುತ್ತದೆ.

ಪ್ಲಾನ್ ಇಷ್ಟವಾಯಿತಾ, ಬರೆದವರಿಗೆ ಒಂದು ಮೇಲ್ ಹಾಕಿ. ಅದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಕೇಳಿ: ಈ ಸೈಟಿನಲ್ಲಿ ಒಮ್ಮೆ ಕಟ್ಟಬಹುದಾ, ಬೇರೆ ಎಂಜಿನಿಯರ್ ಕೈಯಲ್ಲಿ ತಿದ್ದಿಸಬಹುದಾ. ಜನ ಮೊದಲನೆಯದಕ್ಕೆ ಉತ್ತರ ಪಡೆದು ಎರಡನೆಯದನ್ನು ಮರೆಯುತ್ತಾರೆ. ಪಿಡಿಎಫ್ ಬದಲು ಕ್ಯಾಡ್ ಫೈಲ್ ಕಳಿಸಿದರು ಅಂದಮಾತ್ರಕ್ಕೆ ತಿದ್ದಲು ಒಪ್ಪಿದ ಹಾಗಲ್ಲ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಮತ್ತೆ ಹಾಳೆಯ ಮೂಲೆಯಲ್ಲಿರುವ ಹೆಸರಿನ ಚೌಕವನ್ನು ಅಳಿಸಿ ಎಂಜಿನಿಯರ್‌ಗೆ ಕೊಡಬೇಡಿ. ತಿದ್ದಿ ಕೊಟ್ಟ ಎಂಜಿನಿಯರ್ ಕೂಡ ನಿಮ್ಮ ಜೊತೆ ಸಿಕ್ಕಿಹಾಕಿಕೊಳ್ಳಬಹುದು, ಪಾಪ ಅವರಿಗೆ ವಿಷಯವೇ ಗೊತ್ತಿರುವುದಿಲ್ಲ.