ಹೊಲವೂ ಅಲ್ಲ, ಬಡಾವಣೆಯೂ ಅಲ್ಲ

ದೇವನಹಳ್ಳಿ ಕಡೆಯ ಒಂದು ಹಳ್ಳಿಯ ನಕ್ಷೆ ಮಾಡುವಾಗ ಉಪಗ್ರಹ ಚಿತ್ರ ಎರಡು ಸಲ ದಾರಿ ತಪ್ಪಿಸಿತು. ಬೆಳ್ಳಗೆ ಹೊಳೆಯುತ್ತಿದ್ದ ಉದ್ದನೆಯ ಚಾವಣಿಗಳನ್ನು ಕಂಪ್ಯೂಟರ್ ‘ಕಟ್ಟಡ’ ಎಂದು ಗುರುತಿಸಿತ್ತು. ಹೋಗಿ ನೋಡಿದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಗುಲಾಬಿ ಬೆಳೆಯುವ ಪಾಲಿಹೌಸ್‌ಗಳು. ‘ಬೀಳು ಹೊಲ’ ಎಂದು ತೋರಿಸಿದ್ದ ಪಕ್ಕದ ಜಾಗದಲ್ಲಿ ಮೊಣಕಾಲೆತ್ತರದ ಹುಲ್ಲು, ಹುಲ್ಲಿನ ನಡುವೆ ಸುಣ್ಣ ಬಳಿದ ಸೈಟ್ ಕಲ್ಲುಗಳ ಸಾಲು. ಕುರಿ ಮೇಯಿಸುತ್ತಿದ್ದ ಹಿರಿಯರನ್ನು ಕೇಳಿದೆ. “ಹೊಲ ಎಲ್ಲೈತೆ ಸ್ವಾಮಿ, ಸೈಟಾಗಿ ಮೂರು ವರ್ಷ ಆಯ್ತು” ಅಂದರು.

ನಗರದಂಚಿನ ನಕ್ಷೆ ಕೈಕೊಡುವುದು ಇಂಥ ವರ್ಷಗಳಲ್ಲೇ. ಉಳುಮೆ ನಿಂತಿರುತ್ತದೆ, ಮನೆ ಎದ್ದಿರುವುದಿಲ್ಲ. ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್ ಉದ್ದಗಲ. ಬಡಾವಣೆಯ 30 ಅಡಿ ರಸ್ತೆ ಸುಮಾರು 9 ಮೀಟರ್, ಚುಕ್ಕಿಯೊಳಗೇ ಕರಗಿಹೋಗುತ್ತದೆ. ಸಾಲದ್ದಕ್ಕೆ, ನಮ್ಮ ಒಣ ಕೆಂಪು ಮಣ್ಣು ಬೇಸಿಗೆಯಲ್ಲಿ ಕಟ್ಟಡದಂತೆಯೇ ಬೆಳಕು ಚೆಲ್ಲುತ್ತದೆ. ಹಾಗಾಗಿ ನಾನು ಒಂದೇ ದಿನದ ಚಿತ್ರವನ್ನು ನಂಬುವುದಿಲ್ಲ. ಮುಂಗಾರಿಗೆ ಉತ್ತ ಮಣ್ಣು, ಅಕ್ಟೋಬರಿನಲ್ಲಿ ರಾಗಿಯ ಹಸಿರು, ಆಮೇಲೆ ಕೊಯ್ಲಾದ ಕೂಳೆ: ಈ ಸರದಿ ಎರಡು ಮೂರು ವರ್ಷ ಕಾಣದಿದ್ದರೆ ಆ ಸರ್ವೆ ನಂಬರನ್ನು ಗುರುತು ಹಾಕಿಕೊಂಡು ಸ್ಥಳಕ್ಕೆ ಹೋಗುತ್ತೇನೆ.

ಒಂದು ಊರನ್ನು ಪಟ್ಟಣ ಎನ್ನಲು ಜನಗಣತಿಗೆ ಬೇರೆಯದೇ ಅಳತೆ. ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಮಂದಿ, ದುಡಿಯುವ ಗಂಡಸರಲ್ಲಿ ಶೇ. 75ರಷ್ಟು ಜನ ಬೇಸಾಯದ ಹೊರಗೆ. ಮೂರೂ ಇದ್ದು ಪಂಚಾಯಿತಿಯಲ್ಲೇ ಉಳಿದರೆ ಅದು ‘ಜನಗಣತಿ ಪಟ್ಟಣ’. 2001ರಲ್ಲಿ ದೇಶದಲ್ಲಿ 1,362 ಇದ್ದ ಇವು 2011ರಲ್ಲಿ ಸುಮಾರು 3,900 ಆದವು. ಆದರೆ ಈ ಅಳತೆಯಲ್ಲಿ ಗಂಡಸರ ದುಡಿಮೆಯನ್ನಷ್ಟೇ ನೋಡುತ್ತಾರೆ. ಗಂಡ ಕ್ಯಾಬ್ ಓಡಿಸುತ್ತಾನೆ, ಹೆಂಡತಿ ಎರಡು ಸೀಮೆಹಸು ಕಟ್ಟಿಕೊಂಡು ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾಳೆ. ಲೆಕ್ಕಕ್ಕೆ ಅದು ಬೇಸಾಯ ಬಿಟ್ಟ ಮನೆ. ಹಸುವಿಗೆ ಮೇವು ಬರುವುದು ಮಾತ್ರ ಅದೇ ಊರಿನ ಗೋಮಾಳದಿಂದ, ಕೆರೆಯಂಗಳದಿಂದ. ನನ್ನ ಪ್ರಕಾರ ಇದು ಸಣ್ಣ ಲೋಪವಲ್ಲ. ಮೇವಿನ ಜಾಗ ನಕ್ಷೆಗೆ ಬಾರದಿದ್ದರೆ ಅದನ್ನು ಉಳಿಸಿ ಎಂದು ಕೇಳುವವರ ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ನಗರ ಇಲ್ಲಿಗೆ ಮುಗಿಯಿತು ಎಂದು ನಾನು ಗೆರೆ ಎಳೆಯುವುದಿಲ್ಲ. ನೆಲ, ದುಡಿಮೆ, ಆಡಳಿತ ಮೂರನ್ನೂ ಬೇರೆ ಬೇರೆ ಪದರಗಳಾಗಿ ಇಡುತ್ತೇನೆ. ಅವು ಒಂದಕ್ಕೊಂದು ತಾಳೆಯಾಗದ ಜಾಗವೇ ಅಂಚು.

ಆ ಹಳ್ಳಿಯ ಹಳೆಯ ಗ್ರಾಮನಕ್ಷೆಯನ್ನು ಸೈಟುಗಳ ಮೇಲೆ ಕೂರಿಸಿದಾಗ, ಕೆರೆಗೆ ನೀರು ಒಯ್ಯುವ ಕಾಲುವೆ ಆರು ಸೈಟುಗಳನ್ನು ಹಾದುಹೋಗಿತ್ತು. ಒಂದರಲ್ಲೂ ಪಾಯ ತೆಗೆದಿರಲಿಲ್ಲ. ಪಂಚಾಯಿತಿಗೆ ನಕ್ಷೆ ಸಿಗಬೇಕಾದದ್ದು ಆಗಲೇ.