ಕೈ ಸೋಕಿದ ಮರಿಯನ್ನು ತಾಯಿ ಚಾಣ ಬಿಟ್ಟುಬಿಡುತ್ತದೆಯೇ?

ಪ್ರಶ್ನೆ: ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಗಂಟೆಗೋಪುರದಲ್ಲಿರುವ ಪೆರೆಗ್ರಿನ್ ಚಾಣವೆಂಬ ಬೇಟೆಹಕ್ಕಿಯ ಗೂಡನ್ನು ಕ್ಯಾಮೆರಾದಲ್ಲಿ ದಿನವೂ ನೋಡುತ್ತೇವೆ. ಮೊನ್ನೆ ಯಾರೋ ಮರಿಗಳನ್ನು ಕೈಗೆತ್ತಿಕೊಂಡು ಕಾಲಿಗೆ ಗುರುತಿನ ಬಳೆ ತೊಡಿಸಿದರು. ಮನುಷ್ಯರ ವಾಸನೆ ಹತ್ತಿದ ಮರಿಯನ್ನು ತಾಯಿ ಇನ್ನು ಸೇರಿಸುತ್ತದೆಯೇ?

ಸೇರಿಸುತ್ತದೆ. ಮರಿಗಳು ಗೂಡಿಗೆ ಮರಳಿದ ಮೇಲೆ ಕ್ಯಾಮೆರಾ ಆರಿಸದೆ ಕಾದಿದ್ದರೆ ನೀವೇ ನೋಡುತ್ತಿದ್ದಿರಿ. ಮೊಟ್ಟೆಯೊಡೆಯುವ ಕಾಲ ಬಂತೆಂದರೆ ಪ್ರತಿ ವರ್ಷವೂ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಇದೇ ಉತ್ತರ ಬರೆಯುತ್ತೇನೆ. ಈ ಸಲ ಆ ನಂಬಿಕೆಯನ್ನೇ ಬೇರುಸಹಿತ ಕೀಳಲು ನೋಡುತ್ತೇನೆ.

ಬಳೆ ತೊಡಿಸುವವರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಹೋಗುವುದು ಏಕೆ? ತಾಯಿ ಚಾಣ ಕಿರುಚುತ್ತಾ ಮೇಲೆರಗುತ್ತದೆ, ಉಗುರು ನೆತ್ತಿಗೆ ತಾಗುತ್ತದೆ. ಮರಿಯನ್ನು ಬಿಟ್ಟುಕೊಡುವ ಹಕ್ಕಿ ಹೀಗೆ ಕಾದಾಡುವುದಿಲ್ಲ. ಬಂದವರು ಹಿಂದೆ ಸರಿದ ಮೇಲೆ ಅದೇ ತಾಯಿ ಪಾರಿವಾಳವೊಂದನ್ನು ಕಾಲಿನಡಿ ಒತ್ತಿ ಹಿಡಿದು, ಮಾಂಸವನ್ನು ಎಳೆಎಳೆಯಾಗಿ ಕಿತ್ತು, ತಲೆ ಓರೆ ಮಾಡಿ ಮರಿಗಳ ಕೊಕ್ಕಿಗೆ ಇಡುತ್ತದೆ.

ಇದಕ್ಕಿಂತ ದೊಡ್ಡ ಸಾಕ್ಷಿ ಇತಿಹಾಸದಲ್ಲಿದೆ. ಡಿಡಿಟಿ ಎಂಬ ಕೀಟನಾಶಕದಿಂದ ಚಾಣದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಒಡೆಯುತ್ತಿದ್ದ ಕಾಲವದು. ಅಮೆರಿಕ 1972ರಲ್ಲಿ ಅದರ ಬಳಕೆಯನ್ನು ನಿಷೇಧಿಸಿದ ಮೇಲೂ ವಿಷ ತಕ್ಷಣ ಮಾಯವಾಗಲಿಲ್ಲ. ಆಗ ಕ್ಯಾಲಿಫೋರ್ನಿಯಾದಲ್ಲಿ ತೆಳು ಚಿಪ್ಪಿನ ಮೊಟ್ಟೆಗಳನ್ನು ಬಂಡೆಯ ಗೂಡುಗಳಿಂದ ಎತ್ತಿ, ಹುಸಿ ಮೊಟ್ಟೆಗಳನ್ನಿಟ್ಟು, ಪ್ರಯೋಗಾಲಯದಲ್ಲಿ ಕಾವು ಕೊಟ್ಟು ಮರಿ ಮಾಡಿ, ಮರಿಗಳನ್ನು ಮತ್ತೆ ಗೂಡಿಗೆ ಸೇರಿಸಿದರು. ಮನುಷ್ಯರ ಕೈಯಲ್ಲೇ ಹುಟ್ಟಿದ ಮರಿಗಳನ್ನು ಕಾಡಿನ ಚಾಣಗಳು ಸಾಕಿ ಬೆಳೆಸಿದವು. ಅಳಿವಿನಂಚಿನ ಪಟ್ಟಿಯಿಂದ ಪೆರೆಗ್ರಿನ್ 1999ರಲ್ಲಿ ಹೊರಬಂದದ್ದರ ಹಿಂದೆ ಇಂಥ ಕೈಗಳೂ ಇವೆ.

ಅಷ್ಟು ದೂರವೇಕೆ, ನಮ್ಮ ಹಿತ್ತಲಿನ ಕಾಗೆ ಕೋಗಿಲೆಯ ಮರಿಯನ್ನು ಸಾಕುವುದಿಲ್ಲವೇ? ಗೂಡಿನಲ್ಲಿ ಬಾಯಿ ತೆರೆದು ಕೂಗುವ ಮರಿ ಕಂಡರೆ ತುತ್ತಿಡುವುದು ಹಕ್ಕಿಯ ಗುಣ.

ಮುಟ್ಟಬೇಡಿ ಎಂದು ಅಜ್ಜಿಯರು ಹೇಳಿದ್ದರಲ್ಲಿ ಅರ್ಥವಿಲ್ಲವೆಂದಲ್ಲ. ಮೊಟ್ಟೆ ಇಡುವ, ಕಾವು ಕೂರುವ ದಿನಗಳಲ್ಲಿ ಜನ ಪದೇ ಪದೇ ಹತ್ತಿರ ಸುಳಿದರೆ ಹಕ್ಕಿ ಗೂಡನ್ನೇ ತೊರೆಯಬಹುದು. ಅದಕ್ಕೆ ಕಾರಣ ಭಯ, ವಾಸನೆಯಲ್ಲ. ಪಶ್ಚಿಮ ಘಟ್ಟದ ಬಂಡೆಗಳಲ್ಲಿ ಗೂಡು ಮಾಡುವ ನಮ್ಮ ಶಾಹೀನ್ ಕೂಡ ಪೆರೆಗ್ರಿನ್‌ನ ಒಂದು ಉಪಜಾತಿಯೇ. ಅದರ ಗೂಡನ್ನು ದೂರದಿಂದಷ್ಟೇ ನೋಡಿ. ಅನುಮತಿಯಿಲ್ಲದೆ ಮುಟ್ಟುವುದು ಅಪರಾಧವೂ ಹೌದು.

ಈ ಮೂಢನಂಬಿಕೆಯ ಮೇಲೆ ನನಗೇಕೆ ಇಷ್ಟು ಸಿಟ್ಟು ಎಂದರೆ, ಅದು ಮರಿಗಳನ್ನು ಕೊಲ್ಲುತ್ತದೆ. ಪುಕ್ಕ ಬಲಿಯದ ಗುಬ್ಬಿಮರಿ ಅಂಗಳಕ್ಕೆ ಬಿದ್ದಿರುತ್ತದೆ. ಗೂಡು ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತದೆ. ಮುಟ್ಟಿದ ಮರಿಯನ್ನು ತಾಯಿ ಕುಕ್ಕಿಬಿಡುತ್ತದೆಂದು ಹೆದರಿ ಮನೆಯೊಳಗೆ ಒಯ್ದು ಹಾಲು, ಅನ್ನ ತಿನ್ನಿಸುತ್ತಾರೆ. ಅದು ಬದುಕುವುದು ಅಪರೂಪ. ಮೆಲ್ಲಗೆ ಎತ್ತಿ ಗೂಡಿಗಿಟ್ಟಿದ್ದರೆ ಸಾಕಿತ್ತು.

ನೀವು ಕೇಳದಿದ್ದರೂ ಬಳೆಯ ಬಗ್ಗೆ ಒಂದು ಮಾತು. ಅದನ್ನು ಸುಮಾರು ಮೂರು ವಾರದ ಮರಿಗೇ ತೊಡಿಸುತ್ತಾರೆ. ಆ ಹೊತ್ತಿಗೆ ಕಾಲು ಪೂರ್ತಿ ದಪ್ಪಕ್ಕೆ ಬೆಳೆದಿರುತ್ತದೆ, ಆದರೆ ಗಾಬರಿಯಿಂದ ಗೋಪುರದಾಚೆ ಹಾರುವಷ್ಟು ಪ್ರಾಯ ಬಂದಿರುವುದಿಲ್ಲ. ಹೆಣ್ಣು ಮರಿಯ ಕಾಲು ದಪ್ಪ, ಹಾಗಾಗಿ ಅದಕ್ಕೆ ದೊಡ್ಡ ಬಳೆ. ಚಾಣಗಳಲ್ಲಿ ಗಂಡು ಹೆಣ್ಣಿಗಿಂತ ಸುಮಾರು ಮೂರನೇ ಒಂದು ಪಾಲು ಚಿಕ್ಕದು. ಮೈ ಹಗುರವಾದ್ದರಿಂದ ಗಂಡು ಮರಿಗಳು ಸಾಮಾನ್ಯವಾಗಿ ಅಕ್ಕತಂಗಿಯರಿಗಿಂತ ಕೆಲವು ದಿನ ಮೊದಲೇ ಹಾರುತ್ತವೆ. ಆರನೇ ವಾರ ಗೋಪುರದ ಕಟ್ಟೆಯ ತುದಿಯನ್ನು ಗಮನಿಸುತ್ತಿರಿ. ಬಿಳಿ ತುಪ್ಪಳದ ಕೊನೆಯ ಎಳೆಗಳು ಗಾಳಿಗೆ ಹಾರುತ್ತಿರುವಾಗ ರೆಕ್ಕೆ ಬಡಿಯುತ್ತಾ ಮೊದಲು ಅಲ್ಲಿಗೆ ಬಂದು ನಿಲ್ಲುವ ಮರಿಯ ಕಾಲಿನಲ್ಲಿ ಹೆಚ್ಚಾಗಿ ಚಿಕ್ಕ ಬಳೆಯೇ ಇರುತ್ತದೆ.